ಫರೀದರ ದಾರಿ ಮೈ ದಂಡಿಸುವ ದಾರಿಯೇ?

ಪರ

ಸೂಫಿ ಸಂತ ಬಾಬಾ ಫರೀದರ ಅಡುಗೆಮನೆಯ ಕತೆಯೊಂದು ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತದೆ. ಅವತ್ತು ಒಲೆಯ ಮೇಲೆ ಕಾಡಿನ ಕಾಯಿ ಬೇಯುತ್ತಿತ್ತು. ಉಪ್ಪು ಇರಲಿಲ್ಲ. ಶಿಷ್ಯ ನಿಜಾಮುದ್ದೀನ್ ಅಂಗಡಿಯಿಂದ ಸಾಲ ತಂದು ಹಾಕಿದರು. ತುತ್ತು ಎತ್ತಿದ ಫರೀದರು ಕೈ ಕೆಳಗಿಟ್ಟರಂತೆ. ನಾಲಿಗೆಯ ರುಚಿಗಾಗಿ ಸಾಲ ಮಾಡುವುದಕ್ಕಿಂತ ಹಸಿದು ಸಾಯುವುದೇ ವಾಸಿ ಅಂದರಂತೆ. (ಕಲಬುರಗಿಯ ಬಂದೇನವಾಜರ ಗುರುಪರಂಪರೆಯಲ್ಲಿ ಹಿಂದಕ್ಕೆ ಹೋದರೆ ಮೂರನೆಯವರಾಗಿ ಸಿಗುವವರು ಇದೇ ಫರೀದರು.)

ಇದು 13ನೇ ಶತಮಾನದ ಮಾತು. ಫರೀದರ ಗುರು ಬಖ್ತಿಯಾರ್ ಕಾಕಿ ಇದ್ದದ್ದು ದಿಲ್ಲಿಯಲ್ಲಿ. ಅಲ್ಲೇ ಉಳಿದಿದ್ದರೆ ಸುಲ್ತಾನರ ಮರ್ಯಾದೆಗೆ ಕೊರತೆ ಇರುತ್ತಿರಲಿಲ್ಲ. ಫರೀದರು ಅದನ್ನು ಬಿಟ್ಟು ಪಂಜಾಬಿನ ಅಜೋಧನ್‌ಗೆ ಹೋದರು. ಈಗ ಪಾಕಿಸ್ತಾನದಲ್ಲಿರುವ ಪಾಕ್‌ಪಟ್ಟಣವೇ ಆ ಊರು. ನನ್ನ ರೊಟ್ಟಿ ಕಟ್ಟಿಗೆಯದು, ಹಸಿವೇ ಅದಕ್ಕೆ ಪಲ್ಯ ಎಂದು ಹಾಡಿದರು. ಬೇರೆಯವರ ತುಪ್ಪದ ರೊಟ್ಟಿ ನೋಡಿ ಆಸೆಪಡಬೇಡ, ಒಣರೊಟ್ಟಿ ತಿಂದು ತಣ್ಣೀರು ಕುಡಿ ಎಂದರು. ಹೊಟ್ಟೆ ತುಂಬಿದವರು ಸುಮ್ನೆ ಹೇಳುವ ಮಾತಲ್ಲ ಇದು. ದೇಹವನ್ನು ಕಷ್ಟಕ್ಕೆ ಒಡ್ಡಿದ್ದರಿಂದಲೇ ಆ ಪದಗಳಿಗೆ ಇಷ್ಟು ಕಸುವು ಬಂತು. ಆ ಕಷ್ಟವನ್ನು ಬದಿಗಿಟ್ಟು ಬರೀ ಪ್ರೀತಿಯ ಫರೀದರನ್ನು ಹುಡುಕಿದರೆ ಅರ್ಧ ಮನುಷ್ಯ ಮಾತ್ರ ಸಿಗುತ್ತಾನೆ.

ವಿರೋಧ

ಹಸಿವನ್ನು ಸಹಿಸುವುದು ಬೇರೆ, ಹಸಿವನ್ನೇ ದಾರಿ ಅನ್ನುವುದು ಬೇರೆ. ಉಪ್ಪಿನ ಕತೆಯಲ್ಲಿ ಫರೀದರು ಬೇಡ ಅಂದದ್ದು ಸಾಲವನ್ನು, ಊಟವನ್ನಲ್ಲ. ಅವರಿಗೆ ಹೆಂಡತಿ ಮಕ್ಕಳಿದ್ದರು. ಕಾಡಿಗೆ ಓಡುವವರನ್ನು ಅವರೇ ತಡೆದು ಕೇಳುತ್ತಾರೆ: ಮುಳ್ಳು ತುಳಿಯುತ್ತಾ ಕಾಡು ಕಾಡು ಯಾಕೆ ಅಲೆಯುತ್ತೀ? ದೇವರು ಎದೆಯೊಳಗಿದ್ದಾನಲ್ಲ!

ಬಾವಿಯಲ್ಲಿ ತಲೆಕೆಳಗಾಗಿ ನೇತಾಡಿ 40 ರಾತ್ರಿ ತಪಸ್ಸು ಮಾಡಿದರು ಎಂಬ ಕತೆಯನ್ನು ಜನ ಜಾಸ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಯಾರ ಮನಸ್ಸನ್ನೂ ನೋಯಿಸಬೇಡ, ಒಂದೊಂದು ಮನಸ್ಸೂ ಮಾಣಿಕ್ಯ ಎಂದ ಅವರ ಮಾತು. ಯಾರೋ ಕತ್ತರಿ ತಂದುಕೊಟ್ಟಾಗ, ನಾನು ಹೊಲಿಯುವವನು, ನನಗೆ ಸೂಜಿ ಕೊಡಿ ಅಂದರಂತೆ.

ಇನ್ನು ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬವನ್ನೇ ನೋಡಿ. 1604ರಲ್ಲಿ ಸಿಖ್ಖರ ಐದನೇ ಗುರು ಅರ್ಜನ್ ದೇವ್ ಅದರ ಮೊದಲ ರೂಪವಾದ ಆದಿ ಗ್ರಂಥ ಸಿದ್ಧಪಡಿಸಿದಾಗ ಫರೀದರ ಶ್ಲೋಕಗಳ ನಡುವೆ ಸಿಖ್ ಗುರುಗಳ ಮಾತುಗಳನ್ನೂ ಸೇರಿಸಿದರು. 119ನೆಯದರಲ್ಲಿ ಫರೀದರು ಹೇಳುತ್ತಾರೆ: ನನ್ನ ಮೈ ತಂದೂರಿನಂತೆ ಕಾಯಲಿ, ಮೂಳೆಗಳೇ ಸೌದೆಯಾಗಿ ಉರಿಯಲಿ. ನಲ್ಲ (ದೇವರು) ಸಿಗುವುದಾದರೆ, ಕಾಲು ಸೋತರೆ ತಲೆಯ ಮೇಲೆ ನಡೆದು ಹೋಗುತ್ತೇನೆ. ಮುಂದಿನದೇ ಗುರು ನಾನಕರದು: ಮೈಯನ್ನು ತಂದೂರು ಮಾಡಬೇಡ, ಮೂಳೆ ಸುಡಬೇಡ. ತಲೆ ಕಾಲು ನಿನಗೇನು ಮಾಡಿದವು? ನಲ್ಲ ಒಳಗೇ ಇದ್ದಾನೆ, ನೋಡು.

ನಾನಕರು ಫರೀದರನ್ನು ತಿರಸ್ಕರಿಸಲಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದಂತೆ ಉತ್ತರ ಕೊಟ್ಟರು. ಗುರು ಅರ್ಜನರೂ ಮೊದಲಿನ ಶ್ಲೋಕವನ್ನು ಅಳಿಸಲಿಲ್ಲ. ಇವತ್ತಿಗೂ 119ನ್ನು ಓದಿದವರ ಕಣ್ಣು ನೇರ 120ರ ಮೇಲೆ ಬೀಳುತ್ತದೆ.