ನಾಲ್ಕನೇ ಜ್ವರವೂ ಒಂದು ಸನ್ಮಾನವೂ

ನಮ್ಮ ಸೋದರಮಾವನಿಗೆ ಮಂಡ್ಯದಲ್ಲಿ ರೇಷ್ಮೆ ದಿನದಂದು ಸನ್ಮಾನವಾಯಿತು. ಮಾವ ಮಳವಳ್ಳಿ ಕಡೆಯವರು. ಮೀಸೆ ಬಂದಾಗಿನಿಂದ ರೇಷ್ಮೆ ಹುಳ ಮೇಯಿಸುತ್ತಿದ್ದಾರೆ, ಈಗ ಮೀಸೆ ಬೆಳ್ಳಗಾಗಿದೆ. ಅಂಥವರನ್ನು ಹುಡುಕಿ 'ಪ್ರಗತಿಪರ ರೇಷ್ಮೆ ಬೆಳೆಗಾರ' ಅಂತ ಪ್ರಶಸ್ತಿ ಕೊಟ್ಟರು. ಕೊಟ್ಟವರು ಯಾರು ಅಂತ ಕೇಳಬೇಡಿ. ಊಟ ಚೆನ್ನಾಗಿತ್ತು.

ಫೋನ್ ಬಂದಾಗ ಮಾವ ತಾರೀಕು ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದರು. "ಬರಕ್ಕಾಗಲ್ಲ ಸಾ. ಅಷ್ಟೊತ್ತಿಗೆ ನಾಲ್ಕನೇ ಜ್ವರ ಎದ್ದಿರ್ತವೆ" ಅಂದರು. ಆ ಕಡೆಯವರು ಗಾಬರಿಯಾದರು. "ಅಯ್ಯೋ, ನಾಲ್ಕನೇ ಸಲ ಜ್ವರ ಬರೋವರೆಗೂ ಸುಮ್ನೆ ಕೂತಿದೀರಾ? ಮೊದಲು ರಕ್ತ ಪರೀಕ್ಷೆ ಮಾಡಿಸಿ!"

ರೇಷ್ಮೆ ದಿನ ಆಚರಿಸುವವರಿಗೆ ಜ್ವರ ಗೊತ್ತಿಲ್ಲ. ಇರಲಿ, ನಿಮಗಾದರೂ ಹೇಳುತ್ತೇನೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. 25 ದಿನ ಚಿಲ್ಲರೆಯ ಬದುಕಿನಲ್ಲಿ ನಾಲ್ಕು ಸಲ ಅದು ತಲೆ ಎತ್ತಿಕೊಂಡು, ಮೇವು ಬಿಟ್ಟು, ಅಲ್ಲಾಡದೆ ಕೂರುತ್ತದೆ. ನಾಲ್ಕನೇ ಜ್ವರ ಎದ್ದಿತೋ, ಮನೆಯವರ ಕಥೆ ಮುಗಿಯಿತು. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ಆ ಕೊನೆಯ ವಾರದಲ್ಲೇ ತಿಂದು ಹಾಕುತ್ತದೆ. ರಾತ್ರಿ ಹುಳದ ಮನೆಯಲ್ಲಿ ನಿಂತರೆ ಸೋನೆ ಮಳೆ ಹಿಡಿದಂಥ ಸದ್ದು. ಆ ವಾರ ಮಾವನ ಮನೆಯವರು ಮದುವೆಗೆ ಹೋಗುವುದಿಲ್ಲ. ಸಾವಿಗೆ ಒಬ್ಬರು ಮಾತ್ರ ಹೋಗುತ್ತಾರೆ, ಅದೂ ಸೊಪ್ಪು ಹಾಕಿ.

ಸನ್ಮಾನ ಮದುವೆಯೂ ಅಲ್ಲ, ಸಾವೂ ಅಲ್ಲ ಅಂತ ಹೇಳಿ ನಾನೇ ಹೊರಡಿಸಿದೆ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು ಎಲ್ಲ ಅತ್ತೆಯ ತಲೆಗೆ ಬಿತ್ತು. ಆಹ್ವಾನ ಪತ್ರಿಕೆಯಲ್ಲಿ ಅತ್ತೆಯ ಹೆಸರಿರಲಿಲ್ಲ.

ಕಾರ್ಯಕ್ರಮ 10 ಗಂಟೆಗೆ. ಮುಖ್ಯ ಅತಿಥಿಗಳು ಬಂದದ್ದು ಒಂದೂವರೆಗೆ. ಮಾವ ಗಡಿಯಾರ ನೋಡಲಿಲ್ಲ. "ಒಂದೊತ್ತಿನ ಸೊಪ್ಪು ಹೋಯ್ತು ಕಣ್ಲಾ" ಅಂದರು.

ಭಾಷಣಗಳು ನಿಜಕ್ಕೂ ಚೆನ್ನಾಗಿದ್ದವು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಕಟ್ಟಿಸಿದ್ದು, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿದ್ದು, 2005ರಲ್ಲಿ ಮೈಸೂರು ರೇಷ್ಮೆಗೆ ಜಿಐ ಟ್ಯಾಗ್, ಅಂದರೆ ಈ ಹೆಸರು ಈ ಊರಿನದ್ದೇ ಎಂಬ ಮುದ್ರೆ, ಸಿಕ್ಕಿದ್ದು ಎಲ್ಲ ಬಂತು. ನಕಲಿ ಹಾವಳಿ ತಡೆಯಲು ಒಂದೊಂದು ಸೀರೆಗೂ ಬೇರೆ ನಂಬರು, ಹೊಲೋಗ್ರಾಂ ಇದೆ ಎಂಬುದು ಎರಡು ಸಲ ಬಂತು. 'ನೂಲು ಬಿಚ್ಚಾಣಿಕೆದಾರ ಬಂಧುಗಳೇ' ಎಂದು ಕರೆದಾಗ ಕೊನೆಯ ಸಾಲಿನ ಹೆಂಗಸರು ಯಾರು ಬಂದರೋ ಅಂತ ಹಿಂದೆ ತಿರುಗಿ ನೋಡಿದರು. ಕರೆದದ್ದು ಅವರನ್ನೇ. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ಎತ್ತುವವರು. ಬೆರಳ ತುದಿ ಬೆಳ್ಳಗೆ ಸುಲಿದುಹೋಗಿರುತ್ತದೆ. ಅವರಿಗೆ ಸನ್ಮಾನ ಇರಲಿಲ್ಲ. ಚಪ್ಪಾಳೆ ತಟ್ಟಲು ಬಸ್ಸಿನಲ್ಲಿ ಕರೆಸಿದ್ದರು.

"ಅಸಲಿ ಮೈಸೂರು ಸಿಲ್ಕಿಗೆ ಜನ ಬೆಳಗಿನ ಜಾವವೇ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದಾರೆ! ಟೋಕನ್ ಕೊಟ್ಟು ಒಬ್ಬರಿಗೆ ಒಂದೇ ಸೀರೆ ಕೊಡಬೇಕಾಗಿದೆ! ಇದು ನಮ್ಮ ಹೆಮ್ಮೆ!" ಎಂದರು ಅತಿಥಿಗಳು.

ಮಾವ ನನ್ನ ಕಿವಿಯ ಹತ್ತಿರ ಬಾಗಿದರು. "ನಾವೂ ಗೂಡು ಹೊತ್ಕೊಂಡು ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ ಬೆಳಗಾಗೋಕೆ ಮುಂಚೆ ನಿಂತಿರ್ತೀವಿ. ಅವರಿಗೆ ರೇಟು ಗೊತ್ತಿದ್ದೂ ನಿಲ್ತಾರೆ. ನಮ್ಗೆ ಹರಾಜಾದ್ಮೇಲೆ ಗೊತ್ತಾಗ್ತದೆ, ಅಷ್ಟೇಯ."

ಆಮೇಲೆ ವೇದಿಕೆಗೆ ಕರೆದರು. ತಲೆಗೆ ಪೇಟ, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಹುಡುಗಿಯೊಬ್ಬಳು ಪನ್ನೀರು ಚಿಮುಕಿಸಲು ಬಂದಳು. ಮಾವ ಏಟು ತಪ್ಪಿಸಿಕೊಳ್ಳುವ ಹಾಗೆ ಪಕ್ಕಕ್ಕೆ ಸರಿದರು. ಸಭೆ ನಕ್ಕಿತು. ಹುಳದ ಮನೆಗೆ ಸೆಂಟು, ಬೀಡಿ, ಊದುಕಡ್ಡಿ ಯಾವ ವಾಸನೆಯೂ ಆಗುವುದಿಲ್ಲ ಅಂತ ನಕ್ಕವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. "ಈಗ ಮಾನ್ಯರಿಂದ ರೇಷ್ಮೆ ಶಾಲು!" ಎಂದು ಮೈಕು ಕೂಗಿತು. ಶಾಲು ಹೆಗಲಿಗೆ ಬಿತ್ತು. ಮಾವ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಒಂದು ಸಲ ಉಜ್ಜಿದರು. ಏನೂ ಹೇಳಲಿಲ್ಲ.

ಊಟದ ಹೊತ್ತಿಗೆ ಸಂಘಟಕರನ್ನು ನಾನೇ ಕೇಳಿದೆ. ಅವರು ಪಲ್ಯ ಬಡಿಸಿಕೊಳ್ಳುತ್ತಾ ದನಿ ತಗ್ಗಿಸಿದರು.

"ಪಾಲಿಯೆಸ್ಟರ್ರೇ ಸರ್. ಅಸಲಿ ರೇಷ್ಮೆ ನಮ್ಮಂಥವರ ಕೈಗೆ ಎಟುಕುತ್ತಾ? ಸಿಕ್ಕಾಪಟ್ಟೆ ರೇಟು."

"ಔದಾ?" ಅಂದರು ಮಾವ. "ಮೊನ್ನೆ ಹರಾಜಲ್ಲಿ ಹಂಗೇನೂ ಅನ್ನಿಸ್ಲಿಲ್ವಲ್ಲ."

ಊರು ಸೇರಿದಾಗ ಕತ್ತಲಾಗಿತ್ತು. ಅತ್ತೆ ಇನ್ನೂ ಸೊಪ್ಪು ಹಾಕುತ್ತಿದ್ದರು. ಮಾವ ಬಚ್ಚಲಿಗೆ ಹೋದರು. ಮಂಡ್ಯದ ವಾಸನೆ ತೊಳೆಯದೆ ಹುಳದ ಮನೆಗೆ ಕಾಲಿಡುವ ಹಾಗಿಲ್ಲ. ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಂಡು ಬಂದು ಶಾಲಿನ ಒಂದು ಎಳೆ ಕಿತ್ತು ಒಲೆಗೆ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಉಜ್ಜಿದರೆ ಪುಡಿಯಾಗಬೇಕು. ಇದು ಕರಗಿ ಗಟ್ಟಿ ಕರಿಮಣಿಯಾಯಿತು. ಅತ್ತೆಗೆ ಬೇಜಾರಾಗುತ್ತದೆ ಅಂತ ನಾನು ಕಾದೆ.

"ಸದ್ಯ!" ಅಂದರು ಅತ್ತೆ. "ಕಿಟಕಿ ಪರದೆ ಹರಿದು ಊಜಿ ನೊಣ ನುಗ್ತಾವೆ. ಹುಳದ ಮೇಲೆ ಮೊಟ್ಟೆ ಇಟ್ರೆ ಬೆಳೆನೇ ಹೋಯ್ತದೆ. ನೈಲಾನ್ ತನ್ನಿ, ನೈಲಾನ್ ತನ್ನಿ ಅಂತ ಈ ಮನುಷ್ಯಂಗೆ ಹದಿನೈದು ದಿನದಿಂದ ಬಡ್ಕೋತಿದ್ದೆ. ಇವತ್ತಾದ್ರೂ ತಂದ್ರಲ್ಲ!"

ರಾತ್ರಿಯೇ ಟಾರ್ಚ್ ಹಿಡಿಸಿಕೊಂಡು ಹರಿದ ಜಾಗಕ್ಕೆ ಶಾಲು ಕತ್ತರಿಸಿ ಹೊಲಿದರು. ಪ್ರಶಸ್ತಿಯ ಹೆಸರು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತಲ್ಲ, ಆ ಮಗ್ಗುಲನ್ನು ಒಳಗೆ ಮಾಡಲೋ ಹೊರಗೋ ಅಂತ ಕೇಳಿದರು.

"ಹೊರ್ಗಡೀಕೆ ಇರ್ಲಿ" ಅಂದರು ಮಾವ, ಒದ್ದೆ ತಲೆಯಲ್ಲಿ ಸೊಪ್ಪಿನ ಹೊರೆ ಎತ್ತುತ್ತಾ. "ನೊಣ ಓದ್ಕೊಂಡು ಹೋಗ್ಲಿ."