ಡಿ.ಸಿ. ಸಮಿತಿಯಲ್ಲಿ ನಮ್ಮೂರಿನವರಿಗೂ ಒಂದು ಕುರ್ಚಿ ಬೇಕು

ಲ್ಯಾಬಿನಲ್ಲಿ ತಿದ್ದಿದ ವೈರಸ್ ಅಂದ ಕೂಡಲೇ ಮಂಡ್ಯದ ನಮ್ಮ ಮನೆಯಲ್ಲಿ ಎರಡೇ ಮಾತು. ಒಂದು ಭಯ. ಇನ್ನೊಂದು, "ಅದೆಲ್ಲಾ ನಮ್ಗ್ಯಾಕ್ಲಾ" ಅನ್ನುವ ನಮ್ಮಣ್ಣನ ಮಾತು. ಆದರೆ ಅಣ್ಣನ ತೋಳಿಗೇ ಅಂಥ ವೈರಸ್ ಹೋಗಿದೆ. ಕೋವಿಶೀಲ್ಡ್ ಲಸಿಕೆ ಅಂದರೆ ಚಿಂಪಾಂಜಿಯಲ್ಲಿ ಸಿಗುವ ಒಂದು ಅಡಿನೋವೈರಸ್. ಅದು ನಮ್ಮ ಮೈಯಲ್ಲಿ ಹೆಚ್ಚದ ಹಾಗೆ ಮಾಡಿ, ಕೊರೊನಾದ ಸ್ಪೈಕ್ ಪ್ರೋಟೀನಿನ (ಆ ವೈರಸ್ಸಿನ ಮೈಮೇಲಿನ ಮುಳ್ಳಿನದು) ಜೀನ್ ಸೇರಿಸಿದ್ದಾರೆ. ಹಾಗಾಗಿ ತಿದ್ದೋದೇ ತಪ್ಪು ಅನ್ನೋಕಾಗಲ್ಲ. ಆ ಕೆಲಸದ ಮೇಲೆ ಯಾರು ಕಣ್ಣಿಟ್ಟಿದ್ದಾರೆ, ಅದು ಊರಿನವರಿಗೆ ಗೊತ್ತಾ ಅನ್ನೋದಷ್ಟೇ ನನ್ನ ತಕರಾರು. ನಮ್ಮಲ್ಲಿ ಅದನ್ನು ನೋಡಲು ಡಿ.ಸಿ. ಅಧ್ಯಕ್ಷತೆಯ ಜಿಲ್ಲಾ ಸಮಿತಿಯೊಂದಿದೆ, ಅದರ ಮಾತು ಮುಂದೆ ಹೇಳ್ತೀನಿ.

ನಾನಿರುವುದು ಅಮೆರಿಕದ ಕೇಂಬ್ರಿಡ್ಜ್ ಊರಿನ ಹತ್ತಿರ. ಹಾರ್ವರ್ಡ್, ಎಂ.ಐ.ಟಿ. ಎರಡೂ ಇರುವ ಊರು. 1976ರಲ್ಲಿ ಹಾರ್ವರ್ಡ್‌ನವರು ಡಿ.ಎನ್.ಎ. ಕತ್ತರಿಸಿ ಜೋಡಿಸುವ ಕೆಲಸಕ್ಕೆ ಹೊಸ ಲ್ಯಾಬ್ ಮಾಡಲು ಹೊರಟಾಗ ಅಲ್ಲಿನ ಮೇಯರ್ ಆಲ್ಫ್ರೆಡ್ ವೆಲುಚಿ ಅಡ್ಡ ನಿಂತರು. ಮನುಷ್ಯ ಸ್ವಲ್ಪ ನಾಟಕದವರು. ರಾಕ್ಷಸ ಹುಟ್ಟಿಬಿಡುತ್ತೆ ಅನ್ನುವ ಧಾಟಿಯಲ್ಲಿ ಮಾತಾಡಿದ್ದೂ ಉಂಟು. ಆದರೆ ನಗರಸಭೆ ಮಾಡಿದ ಕೆಲಸ ಮಾತ್ರ ಗಟ್ಟಿ. ಕೆಲವು ತಿಂಗಳು ಆ ಪ್ರಯೋಗಗಳಿಗೆ ತಡೆ ಹಾಕಿ, ಊರಿನವರದ್ದೇ ಒಂದು ಪರಿಶೀಲನಾ ಮಂಡಳಿ ಕಟ್ಟಿತು. ಅದರಲ್ಲಿ ನರ್ಸಿಂಗ್ ಕೆಲಸದ ಒಬ್ಬ ಕ್ರೈಸ್ತ ಸನ್ಯಾಸಿನಿ ಇದ್ದರು, ಮನೆ ಬಿಸಿ ಮಾಡುವ ಎಣ್ಣೆ ಮಾರುವ ವ್ಯಾಪಾರಿ ಇದ್ದರು. ಇವರು ವಿಜ್ಞಾನಿಗಳನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಕೇಳಿದರು, ಬಿಡಲಿಲ್ಲ. ಕೊನೆಗೆ ಬೇಡ ಅನ್ನಲೂ ಇಲ್ಲ! ಸರ್ಕಾರದ ನಿಯಮಕ್ಕಿಂತ ಒಂದಿಷ್ಟು ಜಾಸ್ತಿ ಬಿಗಿ ಮಾಡಿ, ಮಾಡ್ಕೊಳ್ಳಿ ಅಂದರು. 1977ರ ಫೆಬ್ರವರಿಯಲ್ಲಿ ಅದು ಊರಿನ ಕಾನೂನಾಯಿತು. ಬಿಗಿ ಮಾಡಿದರೆ ಕಂಪನಿಗಳು ಓಡಿಹೋಗುತ್ತವೆ ಅನ್ನುವವರು ಈಗ ಅಲ್ಲಿನ ಕೆಂಡಾಲ್ ಸ್ಕ್ವೇರ್ ನೋಡಬೇಕು. ಎಲ್ಲಿ ಕಲ್ಲೆಸೆದರೂ ಒಂದು ಬಯೋಟೆಕ್ ಕಂಪನಿಗೆ ಬೀಳುತ್ತದೆ.

ಹಾಗಂತ ಅಮೆರಿಕದ ಪದ್ಧತಿಯನ್ನೇ ಹೊತ್ತು ತರಬೇಕು ಅಂತ ನಾನು ಹೇಳಲ್ಲ. ಅಲ್ಲಿ ಕೇಂದ್ರದ ನಿಗಾ ದುಡ್ಡಿನ ಹಿಂದೆ ಹೋಗುತ್ತೆ. ಅವರ ಎನ್.ಐ.ಎಚ್. (ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ) ಹಣ ತೆಗೆದುಕೊಳ್ಳುವ ಸಂಸ್ಥೆ ಅದರ ನಿಯಮ ಪಾಲಿಸಬೇಕು, ಸ್ವಂತ ದುಡ್ಡಿನ ಖಾಸಗಿ ಲ್ಯಾಬಿಗೆ ಆ ಕಟ್ಟು ಇಲ್ಲ. 2022ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದವರು ಮೂಲ ಕೊರೊನಾ ವೈರಸ್ಸಿಗೆ ಓಮಿಕ್ರಾನ್ ಸ್ಪೈಕ್ ಜೋಡಿಸಿದಾಗ ಇದೇ ಗಲಾಟೆ. ಹೆಚ್ಚು ಭದ್ರತೆಯ ಲ್ಯಾಬಿನಲ್ಲಿ ಇಲಿಗಳಿಗೆ ಕೊಟ್ಟು ನೋಡಿದರು. 80% ಸತ್ತವು (ಮೂಲ ತಳಿ ಕೊಟ್ಟ ಇಲಿಗಳು ಎಲ್ಲವೂ ಸತ್ತಿದ್ದವು, ಪೇಪರಿನ ಹೆಡ್‌ಲೈನಿನಲ್ಲಿ ಅದು ಬರಲೇ ಇಲ್ಲ). ಈ ಪ್ರಯೋಗ ಮೊದಲೇ ತಿಳಿಸಬೇಕಿತ್ತು ಅಂತ ಎನ್.ಐ.ಎಚ್. ಕಡೆಯವರು. ನಿಮ್ಮ ನೇರ ಹಣ ಇದಕ್ಕಿಲ್ಲ, ನಮ್ಮ ಸಮಿತಿ ಮತ್ತು ಬೋಸ್ಟನ್ ನಗರದ ಆರೋಗ್ಯ ಆಯೋಗ ಒಪ್ಪಿವೆ ಅಂತ ವಿಶ್ವವಿದ್ಯಾಲಯ. ಇಬ್ಬರ ಜಗಳದ ನಡುವೆ ಊರಿನ ಆಯೋಗದ ಹೆಸರು ಬಂತಲ್ಲ, ಅದು ನನಗೆ ಮುಖ್ಯ ಅನಿಸಿತು.

ನಮ್ಮ ಕಾನೂನು ಈ ವಿಷಯದಲ್ಲಿ ಮೇಲು. ಜೀನ್ ತಿದ್ದಿದ ಜೀವಿಗಳ ಬಗ್ಗೆ ಪರಿಸರ ಕಾಯ್ದೆಯ ಕೆಳಗೆ 1989ರಲ್ಲಿ ಬಂದ ನಿಯಮಗಳು ದುಡ್ಡು ಯಾರದು ಅಂತ ಕೇಳುವುದಿಲ್ಲ. ಸರ್ಕಾರಿಯಾದರೂ ಖಾಸಗಿಯಾದರೂ ಅನುಮತಿ ಬೇಕು. ಸಂಸ್ಥೆಯೊಳಗೆ ಒಂದು ಜೈವಿಕ ಸುರಕ್ಷತಾ ಸಮಿತಿ, ದೆಹಲಿಯಲ್ಲಿ ಇಂಥ ಪ್ರಯೋಗಗಳನ್ನು ಪರಿಶೀಲಿಸುವ ಆರ್.ಸಿ.ಜಿ.ಎಂ. ಅನ್ನುವ ಸಮಿತಿ, ಹೊರಗಿನ ಪರಿಸರಕ್ಕೆ ಬಿಡುವುದಾದರೆ ಜಿ.ಇ.ಎ.ಸಿ. ಅನ್ನುವ ಇನ್ನೊಂದು ಕೇಂದ್ರ ಸಮಿತಿ. ಇಷ್ಟು ಪೇಪರ್ ಓದುವವರಿಗೆ ಗೊತ್ತು, ಬಿಟಿ ಬದನೆ ಗಲಾಟೆಯಲ್ಲಿ ಕೇಳಿದ್ದೇವೆ. ಅದೇ ನಿಯಮದಲ್ಲಿ ಜಿಲ್ಲಾ ಮಟ್ಟದ ಸಮಿತಿಯೂ ಇದೆ. ಅದನ್ನು ಮಾತ್ರ ನಮ್ಮ ಕಡೆ ಯಾರೂ ಕೇಳಿದ ಹಾಗಿಲ್ಲ. ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಫ್ಯಾಕ್ಟರಿ ಇನ್ಸ್‌ಪೆಕ್ಟರ್, ಮಾಲಿನ್ಯ ಮಂಡಳಿಯವರು, ಕೃಷಿ ಅಧಿಕಾರಿ, ಪಾಲಿಕೆ ಕಮಿಷನರ್ ಸದಸ್ಯರು. ಲ್ಯಾಬಿಗೆ ಹೋಗಿ ನೋಡುವುದು, ಅಪಾಯ ಏನು ಅಂತ ಪಟ್ಟಿ ಮಾಡುವುದು, ಸೋರಿಕೆಯಾದರೆ ಹೊರಗೆ ಏನು ಮಾಡಬೇಕು ಅಂತ ಯೋಜನೆ ಇಟ್ಟುಕೊಳ್ಳುವುದು ಇವರ ಕೆಲಸ.

ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿ.ಎಫ್.ಟಿ.ಆರ್.ಐ. ಇದೆ, ವಿಶ್ವವಿದ್ಯಾಲಯ ಇದೆ, ಮೆಡಿಕಲ್ ಕಾಲೇಜುಗಳಿವೆ. ಮಂಡ್ಯದಲ್ಲಿ ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇದೆ. ಅಲ್ಲೆಲ್ಲ ಏನೋ ಅಪಾಯ ಬೇಯುತ್ತಿದೆ ಅನ್ನುವ ಅರ್ಥ ಬೇಡ. ಆದರೆ ಸರಸ್ವತಿಪುರಂನಲ್ಲಿರುವ ನನ್ನ ತಂಗಿ ಎಂ.ಎಸ್ಸಿ. ಓದಿದವಳು, ಅವಳೇ "ಡಿ.ಸಿ.ಗೂ ಇದಕ್ಕೂ ಏನು ಸಂಬಂಧ?" ಅಂದಳು.

ಕೆ.ಆರ್.ಎಸ್. ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತೆ. 124.80 ಅಡಿ ತುಂಬಲು ಎಷ್ಟು ಬಾಕಿ, ಒಳಹರಿವು ಎಷ್ಟು ಕ್ಯೂಸೆಕ್ಸ್, ಹೊರಹರಿವು ಎಷ್ಟು ಅಂತ ಟೀ ಅಂಗಡಿಯಲ್ಲಿ ಕೂತವರು ಎಂಜಿನಿಯರ್‌ಗಿಂತ ಚೆನ್ನಾಗಿ ಹೇಳ್ತಾರೆ. ಅಂಥ ಜನಕ್ಕೆ ವೈರಸ್ ವಿಷಯ ಅರ್ಥ ಆಗಲ್ಲ ಅನ್ನೋದು ಸುಮ್ನೆ ನೆಪ. ಎನ್.ಐ.ಎಚ್. ನಿಯಮದ ಕೆಳಗೆ ಬರುವ ಅಮೆರಿಕದ ಸಂಸ್ಥೆಗಳ ಜೈವಿಕ ಸುರಕ್ಷತಾ ಸಮಿತಿಯಲ್ಲಿ ಸಂಸ್ಥೆಗೆ ಸೇರದ ಇಬ್ಬರಾದರೂ ಇರಬೇಕು. 2025ರ ಜೂನ್‌ನಿಂದ ಸಭೆಯ ನಡಾವಳಿಯನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ನಮ್ಮಲ್ಲಿ ಹೊರಗಿನವರು ಅಂದರೆ ಅವರೂ ಅಧಿಕಾರಿಯೋ ತಜ್ಞರೋ.

ಇದಕ್ಕೆ ಕಾನೂನು ಬದಲಿಸುವ ಅಗತ್ಯವೂ ಇಲ್ಲ. ಬೇಕಾದವರನ್ನು ಸೇರಿಸಿಕೊಳ್ಳಲು ಜಿಲ್ಲಾ ಸಮಿತಿಗೆ ನಿಯಮದಲ್ಲೇ ಅವಕಾಶ ಇದೆ. ಒಬ್ಬ ಆಶಾ ಕಾರ್ಯಕರ್ತೆ, ದನ ಸಾಕುವ ಒಬ್ಬ ರೈತ, ಲ್ಯಾಬಿನ ಪಕ್ಕದ ಬಡಾವಣೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ನಡಾವಳಿ ಕನ್ನಡದಲ್ಲಿ ಇರಲಿ, ಡಿ.ಸಿ. ಆಫೀಸಿನ ಬೋರ್ಡಿನ ಮೇಲೂ ಒಂದು ಪ್ರತಿ ಅಂಟಿಸಲಿ. ಗುಟ್ಟಾಗಿ ಇಡಲೇಬೇಕಾದ ವಿವರ ಇದ್ದರೆ ಅದನ್ನಷ್ಟೇ ಮುಚ್ಚಲಿ.

"ಡಿ.ಸಿ.ಗೆ ಪುರುಸೊತ್ತೆಲ್ಲೈತೆ?" ಅಂತ ಅಣ್ಣ ಕೇಳಿದ. ಸಭೆ ಕರೆಯಬೇಕಾದವರು ಜಿಲ್ಲಾ ಆರೋಗ್ಯಾಧಿಕಾರಿ, ಅವರೇ ಸಂಚಾಲಕರು ಅಂತ ನಿಯಮದಲ್ಲಿದೆ ಅಂದೆ. ಹಾಗಾದ್ರೆ ಡಿ.ಎಚ್.ಓ.ಗೆ ಒಂದು ಅರ್ಜಿ ಕೊಡೋಣ ಬಿಡು ಅಂದ.