ಪುಟ ಎಣಿಸಿದರೆ ಸಾಲದು

ನಿರ್ಮಾಣ ಗುತ್ತಿಗೆಯ ಒಪ್ಪಂದ ಎಷ್ಟು ಜಟಿಲ ಎಂದು ಪುಟಗಳ ಸಂಖ್ಯೆ, ವಾಕ್ಯಗಳ ಉದ್ದ ನೋಡಿ ಅಳೆಯಬಹುದು ಎನ್ನುತ್ತದೆ ನಾನು ಓದಿದ ಒಂದು ಲೇಖನ. ನನಗೆ ಅರ್ಧ ಮಾತ್ರ ಒಪ್ಪಿಗೆ.

ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್‌ನ 1999ರ ಕೆಂಪು ಪುಸ್ತಕವನ್ನೇ ತೆಗೆದುಕೊಳ್ಳಿ, ಅದು ನಿರ್ಮಾಣ ಒಪ್ಪಂದದ ಒಂದು ಸಿದ್ಧ ಮಾದರಿ. ಪಾಯ ತೋಡುವಾಗ ಯಾರೂ ಊಹಿಸದ ಬಂಡೆ ಸಿಕ್ಕಿತು ಅಂದುಕೊಳ್ಳೋಣ. ಅದಕ್ಕೆ ಕಲಂ 4.12. ಓದಲು ಸರಳವಾಗಿಯೇ ಇದೆ. ಆದರೆ ಹೆಚ್ಚಿನ ಸಮಯ ಬೇಕಾದರೆ 8.4ಕ್ಕೆ ಹೋಗಬೇಕು, ಕ್ಲೇಮಿಗೆ 20.1ಕ್ಕೆ, ಎಂಜಿನಿಯರ್ ತೀರ್ಮಾನಕ್ಕೆ 3.5ಕ್ಕೆ. ನೋಟಿಸ್ ಹೇಗೆ ತಲುಪಿಸಬೇಕು ಎನ್ನುವುದು 1.3ರಲ್ಲಿ. ಆ ನೋಟಿಸ್ ಕೊಡಲು 28 ದಿನದ ಗಡುವು ಇರುವುದು 20.1ರಲ್ಲಿ. ಅದು ತಪ್ಪಿದರೆ ಸಮಯವೂ ಇಲ್ಲ, ದುಡ್ಡೂ ಇಲ್ಲ. ಸೈಟಿನಲ್ಲಿರುವವರು 4.12 ಒಂದನ್ನೇ ಓದಿ ಸುಮ್ನೆ ಕೂತರೆ ಕಥೆ ಮುಗಿಯಿತು.

ಬ್ರಿಟನ್ನಿನ ಎನ್‌ಇಸಿ ಎಂಬ ಇನ್ನೊಂದು ಸಿದ್ಧ ಮಾದರಿ ನೋಡಿ. ಚಿಕ್ಕ ವಾಕ್ಯ, ವರ್ತಮಾನ ಕಾಲ. ವಾಕ್ಯದ ಉದ್ದ ನೋಡಿ ಅಂಕ ಕೊಟ್ಟರೆ ಡಿಸ್ಟಿಂಕ್ಷನ್. ಆದರೆ ಮೂಲ ಷರತ್ತುಗಳಿಗೆ ದುಡ್ಡು ಕೊಡುವ ವಿಧಾನ ಹೇಳುವ ಎ ಇಂದ ಎಫ್‌ವರೆಗಿನ ಆಯ್ಕೆಗಳಲ್ಲಿ ಒಂದನ್ನು ಸೇರಿಸಿ, ಅದರ ಮೇಲೆ ಬೇಕಾದ ಎಕ್ಸ್ ಎಂಬ ಹೆಚ್ಚುವರಿ ಷರತ್ತುಗಳನ್ನು ಜೋಡಿಸಿದರೇನೇ ಒಪ್ಪಂದ ಪೂರ್ತಿ.

ನನ್ನ ಪ್ರಕಾರ ಎಣಿಸಬೇಕಾದ್ದು ಒಂದು ಕಲಮಿನಿಂದ ಇನ್ನೊಂದಕ್ಕೆ ಎಷ್ಟು ಸಲ ಓಡಿಸುತ್ತಾರೆ, ಎಷ್ಟು ಗಡುವುಗಳಿವೆ, ಆಯಾ ಕೆಲಸಕ್ಕೆಂದೇ ಸೇರಿಸುವ ವಿಶೇಷ ಷರತ್ತುಗಳಲ್ಲಿ ಮೂಲ ಮಾದರಿಯನ್ನು ಎಷ್ಟು ಕಡೆ ತಿದ್ದಿದ್ದಾರೆ ಎನ್ನುವುದನ್ನು. ಜಾಸ್ತಿ ಕಾಟ ಕೊಡುವುದು ಈ ಕೊನೆಯದೇ. ಒಂದು ಕಡೆ ತಿದ್ದಿರುತ್ತಾರೆ, ಅದನ್ನೇ ನಂಬಿದ ಇನ್ನೊಂದು ಕಲಮನ್ನು ಹಾಗೇ ಬಿಟ್ಟಿರುತ್ತಾರೆ, ಅಲ್ವಾ?